ಟೀಟಿ ರೇಟ್ ಎಷ್ಟಾಯ್ತು?

22 ವರ್ಷ ನಾನು ತಿಂಗಳಿಗೊಮ್ಮೆ ತಪ್ಪದೆ ಬೈದದ್ದು ಒಬ್ಬನೇ ಮನುಷ್ಯನನ್ನು. ಹಳೆಯ ಆಫೀಸಿನ ಅಕೌಂಟ್ಸ್ ವಿಭಾಗದ ಮೂಲೆಯಲ್ಲಿ ಕೂರುತ್ತಿದ್ದ ಸಾಧುಪ್ರಾಣಿ ಅದು. ನನ್ನ ಸಂಬಳಕ್ಕೆ ಕತ್ತರಿ ಹಾಕುತ್ತಿತ್ತು, ಕತ್ತರಿಸಿದ್ದನ್ನು ಸರ್ಕಾರಕ್ಕೆ ಕಟ್ಟುತ್ತಿತ್ತು, ಜೂನ್ ಬಂತೆಂದರೆ ಫಾರಂ 16 ಎಂಬ ಪ್ರಸಾದವನ್ನು ಕೈಗಿಡುತ್ತಿತ್ತು. ನಾನದನ್ನು ಓದಿದವನಲ್ಲ. ಕೊನೆಯ ಮೊತ್ತ ನೋಡಿ ‘ಇವನ ಮನೆ ಹಾಳಾಗ’ ಎಂದು ಮಡಿಸಿ, ಬೀರುವಿನಲ್ಲಿ ಹಳೆಯ ಲಗ್ನಪತ್ರಿಕೆಗಳ ಕೆಳಗೆ ತಳ್ಳುತ್ತಿದ್ದೆ.

2024ರ ಏಪ್ರಿಲ್‌ನಲ್ಲಿ ಅವನ ಕೈಯಿಂದ ಬಿಡುಗಡೆಯಾಯಿತು. ಅಮೆರಿಕದ ಸಣ್ಣ ಕಂಪನಿಯೊಂದು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿತು. ಮೈಸೂರಿನ ಮನೆಯ ಮಹಡಿಯಲ್ಲಿ ಕೂತು ಕೆಲಸ, ಡಾಲರಿನಲ್ಲಿ ಸಂಬಳ. ಕಂಪನಿಗೆ ಭಾರತದಲ್ಲಿ ಕಚೇರಿ ಇಲ್ಲ, ಬೋರ್ಡ್ ಇಲ್ಲ, ಗೇಟಿನಲ್ಲಿ ಸಲಾಂ ಹೊಡೆಯುವ ಸೆಕ್ಯೂರಿಟಿಯೂ ಇಲ್ಲ. ಮುಖ್ಯವಾಗಿ, ಕತ್ತರಿ ಹಿಡಿದು ಮೂಲೆಯಲ್ಲಿ ಕೂರುವವನು ಇಲ್ಲ.

ಕೆಲಸಕ್ಕೆ ಸೇರುವ ಮುಂಚೆ ಡಬ್ಲ್ಯು-8 ಬೆನ್ ಎಂಬ ಒಂದು ಫಾರಂ ಕಳಿಸಿದರು. ನಾನು ಅಮೆರಿಕದವನಲ್ಲ, ಆದ್ದರಿಂದ ಅಮೆರಿಕದ ತೆರಿಗೆ ನನ್ನ ಸಂಬಳದಲ್ಲಿ ಹಿಡಿಯಬೇಡಿ ಎಂದು ನಾನೇ ಬರೆದು ಸಹಿ ಹಾಕಿ ಕೊಡುವ ಫಾರಂ. ಅದನ್ನು ಗತ್ತಿನಿಂದ ಅಪ್ಪನಿಗೆ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, “ಫಾರಂ ಯಾಕೆ? ಮುಖ ಸಾಲದಾ?” ಎಂದರು.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅವರು ತಂತಿ ಕಚೇರಿಯಲ್ಲಿ ದುಡಿದವರು. ಪದಕ್ಕಿಷ್ಟು ಎಂದು ದುಡ್ಡು ಎಣಿಸುತ್ತಿದ್ದ ಕಾಲದವರಾದ್ದರಿಂದ ಇವತ್ತಿಗೂ ಪದ ದಂಡ ಮಾಡುವುದಿಲ್ಲ. ಮದುವೆಗೊಂದು, ಹಬ್ಬಕ್ಕೊಂದು ಎಂದು ಶುಭಾಶಯಗಳಿಗೂ ನಂಬರ್ ಇಟ್ಟಿದ್ದ ಇಲಾಖೆ ಅದು. ನನಗೆ ಮಗಳು ಹುಟ್ಟಿದ ಸುದ್ದಿ ಫೋನಿನಲ್ಲಿ ಹೇಳಿದಾಗ ಅವರು ಹೇಳಿದ್ದು “ಸಂತೋಷ. ಇಡು” ಅಂತ. ಇಡಬೇಕಾದ್ದು ಫೋನನ್ನು.

ಮೊದಲ ಸಂಬಳ ಬಂತು. ಅಕೌಂಟಿಗೆ ಬರುವ ಮುಂಚೆ ಬ್ಯಾಂಕಿನಿಂದ ಫೋನ್ ಬಂತು. ಹೊರದೇಶದ ಹಣ ಯಾವ ಉದ್ದೇಶಕ್ಕೆ ಬಂತೆಂದು ರಿಸರ್ವ್ ಬ್ಯಾಂಕಿನ ಕೋಡ್ ಹೇಳಬೇಕಂತೆ. ಪಟ್ಟಿ ಕಳಿಸಿದರು. ನೋಡುತ್ತಾ ಹೋದೆ. ಪಿ-1301, ಕುಟುಂಬ ನಿರ್ವಹಣೆ ಮತ್ತು ಉಳಿತಾಯ. ಕಣ್ಣು ತುಂಬಿ ಬಂತು. ಮನುಷ್ಯ ಇನ್ಯಾತಕ್ಕೆ ದುಡಿಯುತ್ತಾನೆ? ಅದನ್ನೇ ಹೇಳಿದೆ.

ಎರಡು ದಿನ ಬಿಟ್ಟು ಮತ್ತೆ ಫೋನ್. “ಸಾರ್, ದುಡ್ಡು ಕಳಿಸಿದವರು ನಿಮಗೆ ಏನಾಗಬೇಕು?”

“ಅನ್ನದಾತರು.”

“ಸಂಬಂಧ ಕೇಳಿದ್ದು ಸಾರ್. ಇದು ಫಾರಿನ್‌ನಲ್ಲಿರೋ ಮಗನೋ ಅಳಿಯನೋ ಮನೆಗೆ ಕಳಿಸೋ ದುಡ್ಡಿನ ಕೋಡು. ನಿಮ್ಮದು ಸಂಬಳ ಅಲ್ವಾ? ಪಿ-1401 ಹಾಕ್ತೀನಿ.”

ಈ ಮಾತು ಕೇಳಿಸಿಕೊಂಡ ನನ್ನವಳು ಅಡುಗೆಮನೆಯಿಂದಲೇ, “ಮೊದಲಿನ ಕೋಡೇ ಇರಲಿ ಅನ್ನಬೇಕಿತ್ತು. ಕಾಗದದಲ್ಲಾದರೂ ದುಡ್ಡು ಸಂಸಾರಕ್ಕೆ ಬಂತು ಅಂತ ಇರೋದು” ಎಂದಳು.

ಅಂತೂ ಹಣ ಬಂತು. ದಾರಿಯಲ್ಲಿ ಯಾವುದೋ ಮಧ್ಯದ ಬ್ಯಾಂಕು 20 ಡಾಲರ್ ಸುಂಕ ಮುರಿದುಕೊಂಡಿತ್ತು. ನಮ್ಮ ಬ್ಯಾಂಕು ಪೇಪರಿನಲ್ಲಿ ಬರುವ ದರಕ್ಕಿಂತ ಒಂದಿಷ್ಟು ಕಡಿಮೆ ಕೊಟ್ಟಿತ್ತು. ಡಾಲರನ್ನು ರೂಪಾಯಿ ಮಾಡಿದ ‘ಸೇವೆ’ಗೆ ಜಿಎಸ್‌ಟಿ ಬೇರೆ. ಆದರೂ ಟಿಡಿಎಸ್ ಎಂಬ ಸಾಲಿಲ್ಲದ ಸಂಬಳವನ್ನು ಜೀವನದಲ್ಲಿ ಮೊದಲ ಸಲ ನೋಡಿದೆ. ತಲೆ ಮೇಲಿನ ಮೂಟೆ ಇಳಿಸಿದ ಹಮಾಲಿಯ ಹಾಗೆ ಮನೆಯೊಳಗೆ ಓಡಾಡಿದೆ.

“ಇದರಲ್ಲಿ ಟ್ಯಾಕ್ಸ್ ಯಾರು ಕಟ್ತಾರೆ?” ನನ್ನವಳ ಪ್ರಶ್ನೆ.

“ಡಾಲರಿಗೆಲ್ಲ ಟ್ಯಾಕ್ಸ್ ಇರಲ್ಲ ಕಣೇ. ದೇಶಕ್ಕೆ ವಿದೇಶಿ ವಿನಿಮಯ ತಂದುಕೊಡ್ತಿದ್ದೀನಿ. ಅವರೇ ನನಗೆ ಏನಾದ್ರೂ ಕೊಡಬೇಕು.”

ಇಷ್ಟು ಧೈರ್ಯವಾಗಿ ಸುಳ್ಳು ಹೇಳಬೇಕಾದರೆ ಅದನ್ನು ಮೊದಲು ತಾನು ನಂಬಿರಬೇಕು. ನಾನು ನಂಬಿದ್ದೆ. ಇನ್ನೂ ಅನುಮಾನವಿದ್ದರೆ ಇರಲಿ ಎಂದು ಆದಾಯ ತೆರಿಗೆಯ ತಾಣಕ್ಕೆ ಹೋಗಿ 26ಎಎಸ್ ಎಂಬ ಪಟ್ಟಿ ತೆಗೆದು ತೋರಿಸಿದೆ. ಶಿವರಾತ್ರಿ ದಿನದ ಹೊಟ್ಟೆಯಂತೆ ಖಾಲಿ. “ನೋಡು, ಸರ್ಕಾರಕ್ಕೇ ನನ್ನ ಮೇಲೆ ಏನೂ ಇಲ್ಲ” ಎಂದೆ. ನನ್ನ ಹೆಸರಲ್ಲಿ ಯಾರೂ ಏನೂ ಕಟ್ಟಿಲ್ಲವೆಂದು ಆ ಖಾಲಿ ಪುಟ ಹೇಳುತ್ತಿತ್ತು. ನನಗದು ನಾನು ಏನೂ ಕಟ್ಟಬೇಕಿಲ್ಲ ಎಂದು ಕೇಳಿಸಿತು.

ಆಮೇಲಿನದು ಊಹಿಸಬಹುದು. ವಾಷಿಂಗ್ ಮೆಷಿನ್ ಬಂತು, ಸೋಫಾ ಬಂತು. ಆಫೀಸ್ ಖರ್ಚೆಂದು ಹೇಳಿಕೊಂಡು ಯುಪಿಎಸ್ಸು ಬಂತು, ಬೆನ್ನಿಗೆ ಒಳ್ಳೆಯದೆಂಬ 18 ಸಾವಿರದ ಕುರ್ಚಿಯೂ ಬಂತು. ಡಾಲರ್ ಮದ ಅಲ್ಲಿಗೆ ನಿಲ್ಲಲಿಲ್ಲ. ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡಿದ್ದ ಮಗಳಿಗೆ, “ಇನ್ನು ಮೇಲೆ ನಿನ್ನ ಪಾಕೆಟ್ ಮನಿ ತಿಂಗಳಿಗೆ 20 ಡಾಲರ್. ರೂಪಾಯಿಯಲ್ಲಿ ಕೊಡ್ತೀನಿ, ಲೆಕ್ಕ ಡಾಲರಿನಲ್ಲಿ” ಎಂದು ಘೋಷಿಸಿದೆ. ಹಣದ ಶಿಸ್ತು ಬರಲೆಂದು ಅದರಲ್ಲಿ ನೂರಕ್ಕೆ ಹತ್ತು ‘ಮನೆ ತೆರಿಗೆ’ ಹಿಡಿಯತೊಡಗಿದೆ. 22 ವರ್ಷ ಕತ್ತರಿಸಿಕೊಂಡವನಿಗೆ ಕತ್ತರಿ ಕೈಗೆ ಸಿಕ್ಕಿದಾಗ ಆಗುವ ಆನಂದವೇ ಬೇರೆ.

ಫೆಬ್ರವರಿಯಲ್ಲಿ ಮದುವೆಮನೆಯೊಂದರ ಊಟದ ಪಂಕ್ತಿಯಲ್ಲಿ ನಮ್ಮ ಆಡಿಟರು ಪಕ್ಕಕ್ಕೆ ಬಂದು ಕೂತರು. ಚಿರೋಟಿಗೆ ಹಾಲು ಹಾಕಿಸಿಕೊಳ್ಳುತ್ತಾ, “ಅಡ್ವಾನ್ಸ್ ಟ್ಯಾಕ್ಸ್ ಎಲ್ಲ ಕಟ್ತಾ ಇದ್ದೀರಲ್ಲ?” ಎಂದರು. ನಾನು ಡಾಲರ್ ಸಿದ್ಧಾಂತ ಹೇಳಿದೆ. ಅವರ ಚಿರೋಟಿ ಎಲೆಯಲ್ಲೇ ನೆನೆದುಹೋಯಿತು.

ಮರುದಿನ ಅವರ ಕಚೇರಿಯಲ್ಲಿ ನನ್ನ ಉಪನಯನ. ಸಂಬಳ ಕೊಡುವವನು ಎಲ್ಲೇ ಇರಲಿ, ಕೆಲಸ ಮಾಡಿದ್ದು ಇಲ್ಲಿ ಅಂದಮೇಲೆ ಸಂಬಳ ಹುಟ್ಟಿದ್ದು ಇಲ್ಲೇ. ನ್ಯಾಯವಾಗಿ ಆ ಕಂಪನಿ ಇಲ್ಲಿ ಟ್ಯಾನ್ ನಂಬರ್ ತೆಗೆದುಕೊಂಡು, 192ನೇ ಸೆಕ್ಷನ್ ಪ್ರಕಾರ ತೆರಿಗೆ ಹಿಡಿದು, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. “ಅವರು ಹಿಡೀಲಿಲ್ಲ ಅಂದ್ರೆ ನಿಮ್ಮ ತಲೆ ತಪ್ಪಲ್ಲ. ನಿಮ್ಮ ಸಂಬಳಕ್ಕೆ ನೀವೇ ಗುಮಾಸ್ತ” ಎಂದರು. ಗುಮಾಸ್ತನ ಕೆಲಸ ಇಷ್ಟು: ವರ್ಷದ ತೆರಿಗೆ ಅಂದಾಜು ಮಾಡಿ ಜೂನ್ 15ಕ್ಕೆ ನೂರಕ್ಕೆ 15, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ 100 ಕಟ್ಟುವುದು. ಜೂನ್ 15ಕ್ಕೆ ನಾನು ಸೋಫಾಗೆ ಬಟ್ಟೆ ಆರಿಸುತ್ತಿದ್ದೆ.

“3 ಲಕ್ಷ ತೆರಿಗೆ ಅಂತ ಇಟ್ಕೊಳ್ಳಿ” ಎಂದು ಆಡಿಟರು ಪೆನ್ ತೆಗೆದರು. ಒಬ್ಬ ಮನುಷ್ಯ ಎಷ್ಟು ಸಲೀಸಾಗಿ ‘ಇಟ್ಕೊಳ್ಳಿ’ ಎನ್ನುತ್ತಾನೆ! ತಪ್ಪಿದ ಪ್ರತಿ ಕಂತಿಗೂ ತಿಂಗಳಿಗೆ ನೂರಕ್ಕೆ 1ರಂತೆ ಮೂರು ತಿಂಗಳ ಬಡ್ಡಿ. ಮೊದಲನೆಯದಕ್ಕೆ 1,350, ಎರಡನೆಯದಕ್ಕೆ 4,050, ಮೂರನೆಯದಕ್ಕೆ 6,750. ಒಟ್ಟು 12,150. “ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿದ್ರೆ ಇಷ್ಟಕ್ಕೇ ಮುಗೀತದೆ” ಎಂದು ಸಮಾಧಾನ ಮಾಡಿದರು. ಯುಪಿಎಸ್ಸು, ಕುರ್ಚಿ ಖರ್ಚಿಗೆ ಹಾಕಬಹುದಲ್ಲ ಎಂದೆ. ನೀವು ಕನ್ಸಲ್ಟೆಂಟ್ ಆಗಿದ್ರೆ ಆ ಮಾತು. ಕರಾರಿನಲ್ಲಿ ನೌಕರ ಅಂತ ಇದೆ, ನೌಕರನಿಗೆ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್, ಅಷ್ಟೇ ಎಂದರು. ಅಂದರೆ ಆ ಕುರ್ಚಿ ಬರೀ ಬೆನ್ನಿಗೆ ಒಳ್ಳೆಯದು.

ಏಳುವಾಗ ಅವರು ಹೇಳಿದ್ದು: “ಎಲ್ಲಾ ತಿಂಗಳ ಟೀಟಿ ಬೈಯಿಂಗ್ ರೇಟ್ ತಗೊಂಡ್ ಬನ್ನಿ.”

ನಾನು ಮನೆಗೆ ಬಂದು ಫೋನಿನಲ್ಲಿ ಸ್ನೇಹಿತನೊಬ್ಬನಿಗೆ “ಟೀಟಿ ರೇಟ್ ಎಷ್ಟಾಯ್ತು?” ಎಂದು ಕೇಳುತ್ತಿದ್ದಾಗ ನನ್ನವಳ ಮುಖ ಅರಳಿತು. ಧರ್ಮಸ್ಥಳಕ್ಕೆ ಹೋಗುವ ಹರಕೆ ಮೂರು ವರ್ಷದಿಂದ ಬಾಕಿ ಇತ್ತು. ಸಂಜೆಯ ಹೊತ್ತಿಗೆ ಅವಳು ಟೆಂಪೋ ಟ್ರಾವೆಲರ್ ಇಟ್ಟುಕೊಂಡ ಇಬ್ಬರನ್ನು ವಿಚಾರಿಸಿ, ಹದಿಮೂರು ಸೀಟಿನದಕ್ಕೆ ಕಿಲೋಮೀಟರಿಗೆ ಎಷ್ಟು, ಡ್ರೈವರ್ ಭತ್ಯೆ ಎಷ್ಟು ಎಂದು ಬರೆದಿಟ್ಟಿದ್ದಳು. ತವರಿನವರಿಗೆ ಸೀಟು ಹಂಚಿಕೆಯೂ ಆಗಿತ್ತು. ಇದು ಆ ಟೀಟಿಯಲ್ಲ, ಟೆಲಿಗ್ರಾಫಿಕ್ ಟ್ರಾನ್ಸ್‌ಫರ್ ಎಂದು ಬಿಡಿಸಿ ಹೇಳುವ ಹೊತ್ತಿಗೆ ನನಗೇ ಅಳು ಬಂದಿತ್ತು.

ಟೆಲಿಗ್ರಾಫ್ ಎಂಬ ಪದ ಕೇಳಿದ್ದೇ ಅಪ್ಪ ರೂಮಿನಿಂದ ಎದ್ದು ಬಂದರು. “ಏನಂದೆ?”

ವಿವರಿಸಿದೆ. ಆದಾಯ ತೆರಿಗೆಯವರು ಡಾಲರ್ ಸಂಬಳವನ್ನು ರೂಪಾಯಿ ಮಾಡುವುದು ಪೇಪರಿನ ದರದಲ್ಲೂ ಅಲ್ಲ, ನಮ್ಮ ಬ್ಯಾಂಕು ಕೊಟ್ಟ ದರದಲ್ಲೂ ಅಲ್ಲ. ತಂತಿಯ ಮೂಲಕ ಬಂದ ಡಾಲರನ್ನು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಯಾವ ದರಕ್ಕೆ ಕೊಳ್ಳುತ್ತದೋ ಆ ದರದಲ್ಲಿ. ಅದೇ ಟೀಟಿ ಬೈಯಿಂಗ್ ರೇಟ್.

“ತಂತಿ ನಿಂತಿದ್ದು 2013 ಜುಲೈ” ಎಂದರು ಅಪ್ಪ. ಕೊನೆಯ ದಿನ ಜನ ನೆನಪಿಗೆಂದು ತಂತಿ ಕಳಿಸಲು ಸಾಲು ನಿಂತಿದ್ದನ್ನು ಅವರು ಟೀವಿಯಲ್ಲಿ ನೋಡಿ ಊಟ ಬಿಟ್ಟಿದ್ದರು. “ರೂಲಿನಲ್ಲಿ ಇನ್ನೂ ಇದೆಯಾ?”

“ಇದೆ ಅಪ್ಪಾ. ದಿನಾ ಬೆಳಿಗ್ಗೆ ಪಟ್ಟಿ ಬರತ್ತೆ. ಮೊದಲನೇ ಕಾಲಮ್ಮೇ ಅದು.”

ಅಪ್ಪ ಒರೆಸಿಕೊಂಡದ್ದು ಕಣ್ಣೀರೋ ಬೆವರೋ ಗೊತ್ತಾಗಲಿಲ್ಲ. ಅವತ್ತಿನಿಂದ ಈ ಮನೆಯಲ್ಲಿ ದರದ ಖಾತೆ ಅವರದು. ಬೆಳಿಗ್ಗೆ ಕಾಫಿಗೆ ಮುಂಚೆ ಮೊಮ್ಮಗಳ ಫೋನಿನಲ್ಲಿ ಪಟ್ಟಿ ತೆರೆಸುತ್ತಾರೆ. ಟೀಟಿ ಕೊಳ್ಳುವ ದರ, ಟೀಟಿ ಮಾರುವ ದರ, ಬಿಲ್ಲಿನ ದರ, ಕಾರ್ಡಿನ ದರ, ನೋಟಿನ ದರ ಎಂದು ಒಂದೇ ಡಾಲರಿಗೆ ಒಂದೇ ದಿನ ಇಷ್ಟೊಂದು ಬೆಲೆ. ಅಪ್ಪ ಮೊದಲನೆಯದನ್ನು ಮಾತ್ರ ಓದಿ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತಾರೆ. ಉಳಿದವು ತಂತಿಯಲ್ಲ. ಅವರು ಕೆಲಸಕ್ಕೆ ಸೇರಿದ್ದು 1966ರಲ್ಲಿ. ಆ ಜೂನ್ 6ರಂದು ಒಂದೇ ಏಟಿಗೆ ಡಾಲರು 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಹಾರಿತ್ತು. ಹಾಗಾಗಿ ಇವತ್ತು ಹತ್ತು ಪೈಸೆ ಏರಿತು, ಇಳಿಯಿತು ಎಂಬುದಕ್ಕೆಲ್ಲ ಅವರ ಹುಬ್ಬು ಅಲುಗುವುದಿಲ್ಲ.

ಸಮಸ್ಯೆ ಇದ್ದದ್ದು ದರದಲ್ಲಲ್ಲ, ತಾರೀಖಿನಲ್ಲಿ. ಆದಾಯ ತೆರಿಗೆ ನಿಯಮ 115ರ ಪ್ರಕಾರ ಸಂಬಳದ ದರ ಯಾವತ್ತಿನದು ಗೊತ್ತೆ? ಸಂಬಳ ಸಲ್ಲಬೇಕಾದ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನದ್ದು. ಜುಲೈ ಸಂಬಳಕ್ಕೆ ಜೂನ್ 30ರ ದರ. 2024ರ ಜೂನ್ 30 ಭಾನುವಾರ. ಸ್ಟೇಟ್ ಬ್ಯಾಂಕಿಗೂ ಭಾನುವಾರವೇ. ಅಂಥಾ ಹೊತ್ತಿನಲ್ಲಿ ಅದರ ಹಿಂದಿನ ಕೆಲಸದ ದಿನದ ದರ ಹಿಡಿಯುವುದು ರೂಢಿ. ಕಂಪನಿಯೇನಾದರೂ ತೆರಿಗೆ ಹಿಡಿದಿದ್ದರೆ ಆಗ ನಿಯಮ 26. ಹಿಡಿಯಬೇಕಾದ ದಿನದ ದರ. ಹಿಡಿಯಲು ಯಾರೂ ಇಲ್ಲದ ನನ್ನಂಥವನಿಗೆ ತಿಂಗಳು ಹಳೆಯ ತಂಗಳು ದರ.

ಅದರ ಫಲ ಮಾರ್ಚ್‌ನಲ್ಲಿ ಕಂಡೆ. ಆ ಹಣಕಾಸು ವರ್ಷದ ಆರಂಭದಲ್ಲಿ 83ರ ಆಸುಪಾಸಿನಲ್ಲಿದ್ದ ಡಾಲರು ಏರುತ್ತಾ ಏರುತ್ತಾ 2025ರ ಫೆಬ್ರವರಿ ಕೊನೆಗೆ 87 ರೂಪಾಯಿ ದಾಟಿತ್ತು. ಮಾರ್ಚ್ ಕೊನೆಗೆ ನನ್ನ ಸಂಬಳ ಕೈಗೆ ಬರುವಷ್ಟರಲ್ಲಿ 85ರ ಹತ್ತಿರಕ್ಕೆ ಇಳಿದಿತ್ತು. ಅಂದರೆ ನನ್ನ ಜೇಬಿಗೆ ಬಂದದ್ದು 85ರ ಲೆಕ್ಕ, ತೆರಿಗೆಗೆ ಹಿಡಿದದ್ದು ಫೆಬ್ರವರಿ ಕೊನೆಯ ಲೆಕ್ಕ. ನಡುವಿನ ರೂಪಾಯಿಗಳನ್ನು ನಾನು ಕಣ್ಣಲ್ಲಿ ನೋಡಲಿಲ್ಲ, ಆದರೆ ಅವಕ್ಕೆ ತೆರಿಗೆ ಕಟ್ಟಿದೆ. “ಹೀಗೂ ಉಂಟೆ?” ಎಂದು ಆಡಿಟರ ಮುಂದೆ ಹಾರಾಡಿದೆ. ಅವರು ತಣ್ಣಗೆ, “ಡಾಲರ್ ಏರುತ್ತಿದ್ದ ತಿಂಗಳುಗಳಲ್ಲಿ ಕೈಗೆ ಜಾಸ್ತಿ ಬಂದು ತೆರಿಗೆಗೆ ಕಮ್ಮಿ ಲೆಕ್ಕ ಆಯ್ತಲ್ಲ, ಆವಾಗ ಯಾಕೆ ಬರಲಿಲ್ಲ?” ಎಂದರು. ಆಡಿಟರುಗಳ ಈ ಸ್ವಭಾವ ನನಗೆ ಹಿಡಿಸುವುದಿಲ್ಲ.

ತೆರಿಗೆಗೆಂದು ಒಂದು ಎಫ್‌ಡಿ ಮುರಿಯಬೇಕಾಯಿತು. ಅದು ನನ್ನವಳ ಹೆಸರಿನದು. ಆ ವಿಷಯ ಇಲ್ಲಿ ವಿಸ್ತರಿಸುವುದಿಲ್ಲ.

ಮಾರ್ಚ್ 31ರ ರಾತ್ರಿ ಮಗಳಿಗೆ ಪಾಕೆಟ್ ಮನಿ ಕೊಡುವಾಗ ನಾನು ಸಹಜವಾಗಿಯೇ 85ರಂತೆ ಎಣಿಸಿದೆ. ಅವಳು ಹಣ ಮುಟ್ಟಲಿಲ್ಲ. “ರೂಲ್ 115 ಪಪ್ಪಾ. ಫೆಬ್ರವರಿ 28ರ ರೇಟು. ತಾತನ ಕ್ಯಾಲೆಂಡರ್ ನೋಡು.”

ನಾನೂ ಆಡಿಟರ ಬಳಿ ಕಲಿತು ಬಂದವನು. “ಅದು ತೆರಿಗೆ ಹಿಡಿಯದೆ ಇದ್ದವರಿಗೆ. ನಿನಗೆ ನಾನು ನೂರಕ್ಕೆ ಹತ್ತು ಹಿಡಿತಿದ್ದೀನಿ. ನಿನಗೆ ರೂಲ್ 26. ಹಿಡಿದ ದಿನದ ರೇಟು.” ಗೆದ್ದೆ ಎಂದುಕೊಂಡೆ.

“ಹಿಡಿದಿದ್ದೀಯಾ? ಸರಿ. ಕಟ್ಟಿದ್ದೀಯಾ?”

ಮನೆ ನಿಶ್ಶಬ್ದವಾಯಿತು. ಸೀರಿಯಲ್ ನೋಡುತ್ತಿದ್ದ ನನ್ನವಳು ಟೀವಿ ಮ್ಯೂಟ್ ಮಾಡಿದಳು. ಮನೆಯ ಖಜಾನೆ ಅವಳದು. ಹಿಡಿದ ಹಣ ತಿಂಗಳು ತಿಂಗಳೂ ಅವಳ ಕೈಗೆ ಸೇರಬೇಕಿತ್ತು. ಸೇರಿರಲಿಲ್ಲ. ತಿಂಗಳಿಗೆ 2 ಡಾಲರಿನಂತೆ ವರ್ಷದಲ್ಲಿ ಸುಮಾರು 2,000 ರೂಪಾಯಿ. ಅದು ಸಂಜೆ ‘ವಾಕಿಂಗ್’ ಹೋದಾಗಿನ ಮಸಾಲೆ ದೋಸೆಯಾಗಿ, ಡಾಕ್ಟರು ಬೇಡವೆಂದಿದ್ದ ಮೈಸೂರು ಪಾಕಾಗಿ, ಎಂದೋ ರೂಪಾಂತರ ಹೊಂದಿತ್ತು.

ಮಗಳು ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದಳು. ಒಂದು ತಿಂಗಳು ನಾನು ಗೂಗಲ್ ದರ ಹಿಡಿದದ್ದು, ಒಂದು ತಿಂಗಳು ಬ್ಯಾಂಕಿನ ದರ, ಒಂದು ತಿಂಗಳು ‘ಎಂಬತ್ತು ಅಂತ ಇಟ್ಕೊ’ ಎಂದದ್ದು, ಎಲ್ಲ ತಾರೀಖು ಸಹಿತ. ಯಾವ ತಿಂಗಳು ಯಾವುದು ಕಡಿಮೆಯೋ ಆ ದರವೇ ನನಗೆ ನ್ಯಾಯವಾಗಿ ಕಂಡಿತ್ತು ಎಂಬುದು ಸಾಲುಸಾಲಾಗಿ ಬಯಲಾಯಿತು. ಆಮೇಲೆ ಅವಳು ಕಾನೂನಿಗೆ ಬಂದಳು. ಹಿಡಿದು ಕಟ್ಟದಿದ್ದರೆ ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ. ಸುಮಾರು 200 ರೂಪಾಯಿ ಆಗುತ್ತದೆ. ಅದು ಬಿಡು, ಸೆಕ್ಷನ್ 276ಬಿ ಪ್ರಕಾರ ಮೂರು ತಿಂಗಳಿಂದ ಏಳು ವರ್ಷದವರೆಗೆ ಕಠಿಣ ಸಜೆ.

“ಏಳು ವರ್ಷ!” ನನ್ನವಳು ಅಷ್ಟು ಉತ್ಸಾಹದಿಂದ ಯಾವ ಸಂಖ್ಯೆಯನ್ನೂ ಉಚ್ಚರಿಸಿದ್ದು ನಾನು ಕೇಳಿರಲಿಲ್ಲ.

“ನಮ್ಮ ಹಳೇ ಆಫೀಸಿನ ಅಕೌಂಟ್ಸಿನವನು 22 ವರ್ಷ ಒಂದು ತಿಂಗಳೂ ತಪ್ಪಿಸಲಿಲ್ಲ...” ಎಂದು ನಾನು ಏನೋ ಹೇಳಲು ಹೊರಟೆ. ಯಾಕೆ ಅವನ ಹೆಸರು ಬಾಯಿಗೆ ಬಂತೋ.

ತೀರ್ಪಿಗೆ ಅಪ್ಪನ ಕಡೆ ನೋಡಿದೆವು. ಅವರು ಬೆರಳಲ್ಲಿ ಪದ ಎಣಿಸಿಕೊಂಡರು. ಒಂದು ಕಾಲದಲ್ಲಿ ತಂತಿ ಬಂತೆಂದರೆ ಒಡೆದು ಓದುವ ಮುಂಚೆಯೇ ಮನೆಯಲ್ಲಿ ಅಳು ಶುರುವಾಗುತ್ತಿತ್ತಂತೆ. ನನಗೂ ಹಾಗೇ ಆಯಿತು.

“ತಪ್ಪು ಸಾಬೀತು. ಅಸಲು ಬಡ್ಡಿ ಕೊಡು. ಕತ್ತರಿ ಮಗುವಿಗೆ.”

ಅಲ್ಲಿಗೆ ಈ ಮನೆಯ ಪೇರೋಲ್ ಆಡಳಿತ ಕೈಬದಲಾಯಿತು. ಸಂಬಳ ಬಂದ ದಿನ ತಾತ ದರ ಓದುತ್ತಾರೆ, ಮೊಮ್ಮಗಳು ಲೆಕ್ಕ ಹಾಕಿ ಮೂರು ಭಾಗ ಮಾಡುತ್ತಾಳೆ. ತೆರಿಗೆಯ ಭಾಗ ಬೇರೊಂದು ಅಕೌಂಟಿಗೆ ಹೋಗುತ್ತದೆ. ಅದರ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಜೂನ್ 15ಕ್ಕೆ ಅದೇ ತಾನಾಗಿ ಕಂತು ಕಟ್ಟಿಕೊಳ್ಳುತ್ತದೆ. ಎರಡನೆಯ ಭಾಗ ಮುರಿದ ಎಫ್‌ಡಿಗೆ. ಮಿಕ್ಕಿದ್ದು ಪಿ-1301. ಇಷ್ಟು ಸೆಕ್ಷನ್ನು ಬಾಯಿಪಾಠ ಮಾಡಿದ್ದೇ ಲಾಭ ಎಂದುಕೊಂಡೆನೋ ಇಲ್ಲವೋ, 1961ರ ಕಾಯ್ದೆಯನ್ನೇ ತೆಗೆದು 2025ರಲ್ಲಿ ಹೊಸದು ಮಾಡಿದರು, 2026ರ ಏಪ್ರಿಲ್ 1ರಿಂದ ಜಾರಿ ಎಂದರು. ನಾನು ಕಲಿತ ನಂಬರುಗಳೆಲ್ಲ ಬದಲಾದವು.

ನನಗೂ ಕೈಖರ್ಚಿಗೆಂದು ತಿಂಗಳಿಗೆ 20 ಡಾಲರ್ ಮಂಜೂರಾಗಿದೆ. ನಿನ್ನೆ ಮಗಳು ಅದಕ್ಕೆ ನನ್ನ ಪ್ಯಾನ್ ನಂಬರ್ ಕೇಳಿದಳು. ಕೊಡದಿದ್ದರೆ ನೂರಕ್ಕೆ ಹತ್ತಲ್ಲ, ಇಪ್ಪತ್ತು ಹಿಡಿಯುತ್ತಾಳಂತೆ.